ನೀರಿನ ಗುಂಡಿ ತೋಟದಿಂದ ದೂರವಿರಲಿ

ಕಾಡುಹಂದಿ ಅಡಿಕೆ ತೋಟಕ್ಕೆ ಇಳಿಯದಿರಲು ಗುಡ್ಡೆಯಲ್ಲೇ ನೀರು, ಹಣ್ಣಿನ ಮರ ಒದಗಿಸಬೇಕೆಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಒಪ್ಪುತ್ತೇನೆ. ಆದರೆ ಬೇಲಿಗೆ ತಾಗಿ ಗುಂಡಿ ತೋಡಿದರೆ ಹಂದಿಯನ್ನು ನಾವೇ ಕರೆದಂತೆ. ಗುಂಡಿ ಗುಡ್ಡೆಯ ಮೇಲ್ಭಾಗದಲ್ಲಿ, ಕಾಡಿನ ಬದಿಗಿರಬೇಕು.

ಕಾಸರಗೋಡಿನಲ್ಲಿ ಹೊಸದಾಗಿ ತೋಡುವ ಬದಲು ಬಿಟ್ಟುಹೋದ ಕೆಂಪುಕಲ್ಲಿನ (ಮುರಕಲ್ಲಿನ) ಕೋರೆಯನ್ನೇ ಬಳಸಬಹುದು. ಅದರ ಗೋಡೆಗಳು ನೆಟ್ಟಗಿರುವುದರಿಂದ ಬಿದ್ದ ಪ್ರಾಣಿ ಮೇಲೆ ಬರಲಾರದು. ಹಾಗಾಗಿ ಒಂದು ಬದಿಯನ್ನು ಕಡಿದು, 1 ಅಡಿ ಆಳಕ್ಕೆ ಕನಿಷ್ಠ 4 ಅಡಿ ಉದ್ದದ ಇಳಿಜಾರು ಮಾಡಲೇಬೇಕು. ಮುರಕಲ್ಲಿನಲ್ಲಿ ನೀರು ಬೇಗ ಇಂಗುತ್ತದೆ; ತಳಕ್ಕೆ ಅರ್ಧ ಅಡಿ ಜೇಡಿಮಣ್ಣು ಹಾಸಿ, ಒದ್ದೆ ಇರುವಾಗಲೇ ಗುದ್ದಿ ಕೂರಿಸಿ. ಒಣಗಿ ಬಿರುಕು ಬಿಟ್ಟರೆ ಕೆಲಸ ವ್ಯರ್ಥ.

ಹಣ್ಣಿನ ಮರ ನೆಡಲೆಂದು ಗುಡ್ಡೆಯಲ್ಲಿರುವ ಅಕೇಶಿಯ ಮರಗಳನ್ನು ಒಮ್ಮೆಲೇ ಕಡಿಯಬೇಡಿ, ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗುತ್ತದೆ. ಇಳಿಜಾರಿಗೆ ಅಡ್ಡವಾಗಿ ಪಟ್ಟಿ ಪಟ್ಟಿಯಾಗಿ ತೆಗೆದು ನೇರಳೆ, ಅತ್ತಿ, ಹೆಬ್ಬಲಸು, ಪುನರ್ಪುಳಿ ನೆಡಿ.

ಇಷ್ಟಾದರೂ ಬೇಲಿ ಬೇಕು. ಸೋಲಾರ್ ಬೇಲಿಯ ಕೆಳಗಿನ ತಂತಿಗೆ ಹುಲ್ಲು ತಾಗಿದರೆ ಶಾಕ್ ಕುಗ್ಗುತ್ತದೆ, ಮಳೆಗಾಲದಲ್ಲಿ ಆಗಾಗ ಸವರಬೇಕು. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಅಪರಾಧ, ಮನುಷ್ಯರೂ ಸಾಯುತ್ತಾರೆ. ಉರುಳು ಇಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆಯೇ.