ಚಾಕು ಹೇಗೂ ಕೈಯಲ್ಲೇ ಇದೆ

ಇವತ್ತು ಬೆಳಿಗ್ಗೆ ನನ್ನ ಕೊಕ್ಕೆ ಚಾಕು ಸಿಂಕಿನಲ್ಲಿ ಸಿಕ್ಕಿತು. ಕಾಫಿ ಲೋಟಗಳ ಕೆಳಗೆ ಅಂಗಾತ ಮಲಗಿತ್ತು. ಬಾಯಿ ಎರಡು ಕಡೆ ಮುಕ್ಕಾಗಿತ್ತು. ಕೊಕ್ಕೆಯ ಸಂದಿಯಲ್ಲಿ ಬೆಳ್ಳಗೆ ಒಂದು ಕಾಯಿ ಚೂರು.

ಕಳ್ಳರನ್ನು ಹುಡುಕುವ ಕಷ್ಟವೇ ಇರಲಿಲ್ಲ. ಪಕ್ಕದಲ್ಲೇ ಮಿಕ್ಸಿ ತಿರುಗುತ್ತಿತ್ತು, ಅಮ್ಮ ಚಟ್ನಿ ಮಾಡುತ್ತಿದ್ದಳು.

ಒಂದು ವರ್ಷದಿಂದ ನನಗೆ ಮರದ ಸೌಟು ಕೆತ್ತುವ ಹುಚ್ಚು. ಡಾಕ್ಟರು ಬಿಪಿ ನೋಡಿ, "ಮನಸ್ಸಿಗೆ ಸ್ವಲ್ಪ ನೆಮ್ಮದಿ ಕೊಡೋ ಹವ್ಯಾಸ ಏನಾದ್ರೂ ಇಟ್ಕೊಳ್ಳಿ" ಅಂದಿದ್ದರು. ಮರಕ್ಕೆ ದುಡ್ಡಿಲ್ಲ. ಮಳೆಗಾಲಕ್ಕೆ ಮುಂಚೆ ಕರೆಂಟ್ ಲೈನಿನವರು ಕೊಂಬೆ ಕಡಿದು ರಸ್ತೆ ಬದಿ ಬಿಸಾಡಿ ಹೋಗುತ್ತಾರಲ್ಲ, ಅದೇ ನನ್ನ ಡಿಪೋ. ಚನ್ನಪಟ್ಟಣದ ಗೊಂಬೆಯವರು ಆಲೆ ಮರವನ್ನು ಒಣಗಿಸಿಟ್ಟು ಆಮೇಲೆ ಕಡೆಯುತ್ತಾರೆ. ಕೈಯಲ್ಲಿ ಸೌಟು ಕೆತ್ತುವವರ ಲೆಕ್ಕ ಉಲ್ಟಾ. ಮರ ಹಸಿಯಾಗಿದ್ದಾಗಲೇ ಕೆತ್ತಬೇಕು. ಆಗ ಅದು ಸೌತೆಕಾಯಿ, ಒಣಗಿದ ಮೇಲೆ ಕಲ್ಲು. ಹಾಗಾಗಿ ಅರ್ಧ ಕೆತ್ತಿದ ಸೌಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡುತ್ತೇನೆ, ಕೊತ್ತಂಬರಿ ಸೊಪ್ಪಿನ ಪಕ್ಕ. ಈ ವಿಷಯದಲ್ಲಿ ಹೆಂಡತಿ ಏನಂದಳು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೊದಲನೇ ಸೌಟು ಬೇವಿನದು. ಆತುರಕ್ಕೆ ಸರಿಯಾಗಿ ಒಣಗಿಸದೆ ಶಾವಿಗೆ ಪಾಯಸಕ್ಕೆ ಹಾಕಿ ತಿರುವಿದೆ. ಮಗಳು ಒಂದು ಚಮಚ ಬಾಯಿಗಿಟ್ಟು, "ಅಪ್ಪಾ, ಇವತ್ತು ಯುಗಾದೀನಾ?" ಅಂದಳು.

ಅದು ಹಾಳಾಗಲಿ. ನನ್ನ ಸಂಕಟ ಬೇರೆ. ಪೇಪರ್ ಓದುತ್ತಿದ್ದರೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಫೋನ್ ಹಿಡಿದಿದ್ದರೆ ಆಫೀಸ್ ಕೆಲಸ ಅಂತ ಬಿಟ್ಟುಬಿಡುತ್ತಾರೆ. ಮರದ ತುಂಡು ಹಿಡಿದು ಕೂತವನು ಮಾತ್ರ ಎಲ್ಲರ ಕಣ್ಣಿಗೂ ಖಾಲಿ. "ರೀ, ಸುಮ್ನೆ ಕೂತಿದ್ದೀರಲ್ಲಾ, ಚಾಕು ಹೇಗೂ ಕೈಯಲ್ಲೇ ಇದೆ, ಈ ಬೀನ್ಸ್ ಒಂದಿಷ್ಟು ಹೆಚ್ಚಿಬಿಡಿ." ಸೌಟಿನ ಕುತ್ತಿಗೆ ಹತ್ತಿರ ನಾರು ತಿರುಗುವ ಜಾಗ ಇರುತ್ತದೆ. ಅಲ್ಲಿ ಉಸಿರು ಬಿಗಿ ಹಿಡಿದು ಹೆರೆಯಬೇಕು. ನನ್ನ ಲೆಕ್ಕದಲ್ಲಿ ಬೀನ್ಸ್ ಬರುವುದು ಸರಿಯಾಗಿ ಆ ಹೊತ್ತಿಗೇ.

ಇನ್ನು ಕೊಕ್ಕೆ ಚಾಕು. ಸೌಟಿನ ಗುಳಿ ತೋಡುವುದಕ್ಕೆ ನೇರ ಚಾಕು ಬರುವುದಿಲ್ಲ, ಬಾಗಿದ್ದೇ ಬೇಕು. ಸ್ವೀಡನ್ ದೇಶದ ಮೋರಾ ಊರಿನ ಚಾಕು, ಮೂರು ತಿಂಗಳು ಯೋಚನೆ ಮಾಡಿ ತರಿಸಿದ್ದು. ಡಬ್ಬಿ ಬಿಚ್ಚಿದ ದಿನವೇ ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ತವರು ತಿಪಟೂರು ಕಡೆ. ಕಾಯಿ ವಿಷಯದಲ್ಲಿ ಅವಳ ಮಾತೇ ಕೊನೆ.

"ಎಂಥಾ ಚೆನ್ನಾಗಿದೆಯೋ! ಚಿಪ್ಪಿನಿಂದ ಕಾಯಿ ಎಬ್ಬಿಸೋಕೆ ಹೇಳಿ ಮಾಡಿಸಿದ ಹಾಗಿದೆ."

"ಅಮ್ಮಾ, ಅದು ಸೌಟು ಕೆತ್ತೋ ಚಾಕು."

"ಯಾವ ದೇಶದ್ದು?"

"ಸ್ವೀಡನ್ನು. ಅಲ್ಲಿ ತೆಂಗಿನ ಮರಾನೇ ಇಲ್ಲ."

"ಪಾಪ," ಅಂದಳು ಅಮ್ಮ. "ಚಾಕು ಮಾಡಿಟ್ಕೊಂಡು ಕಾಯಿಗೆ ಕಾಯ್ತಾ ಕೂತಿದ್ದಾರೆ."

ಅವತ್ತಿನಿಂದ ನಾನು ಬಚ್ಚಿಡುವುದು, ಅವಳು ಹುಡುಕುವುದು. ಪುಸ್ತಕದ ಕಪಾಟಿನ ಮೇಲಿಟ್ಟೆ, ಸಿಕ್ಕಿತು. ಶೂ ಒಳಗಿಟ್ಟೆ, ಸಿಕ್ಕಿತು, ಜೊತೆಗೆ ಅಡುಗೆಮನೆಗೆ ಬರುವ ಚಾಕುವನ್ನು ಶೂನಲ್ಲಿ ಇಟ್ಟಿದ್ದಕ್ಕೆ ಅರ್ಧ ಗಂಟೆ ಬೈಗುಳ. ಎದುರು ಮನೆಯವರನ್ನು ಕರೆದು, "ಫಾರಿನ್ ಕಾಯಿ ಚಾಕು ಕಣ್ರೀ, ನಮ್ಮ ಹುಡುಗ ತರಿಸಿದ್ದಾನೆ" ಅಂತ ತೋರಿಸಿದ್ದಾಳೆ. ಅವರೂ ಒಮ್ಮೆ ಎರವಲು ಕೇಳಿಕೊಂಡು ಬಂದಿದ್ದರು. ಚಿಪ್ಪಿಗೆ ತಾಗಿ ಮುಕ್ಕಾದ ಬಾಯನ್ನು ಸರಿ ಮಾಡುವುದು ಸಣ್ಣ ಕೆಲಸವಲ್ಲ. ಕೊಕ್ಕೆಯ ಒಳಗೆ ಸಾಣೆಕಲ್ಲು ಹೋಗುವುದಿಲ್ಲ. ದುಂಡು ಕೋಲಿಗೆ ಉಪ್ಪು ಕಾಗದ ಸುತ್ತಿಕೊಂಡು, 400ರ ನಂಬರಿನಿಂದ ಶುರು ಮಾಡಿ 2000ದ ತನಕ ಉಜ್ಜಬೇಕು. ನೆಮ್ಮದಿಯ ಭಾನುವಾರಗಳು ಹೀಗೆ ಅಮ್ಮನ ಚಟ್ನಿಗೆ ಹೋಗುತ್ತಿವೆ. ಚಟ್ನಿ ಚೆನ್ನಾಗಿರುತ್ತದೆ ಅನ್ನುವುದೇ ಇನ್ನೂ ಸಿಟ್ಟು.

ಬೆಳಿಗ್ಗೆ ಸ್ವಲ್ಪ ಜೋರಾಗಿಯೇ ಕೂಗಾಡಿದೆ. ಅಮ್ಮ ಮಾತಾಡದೆ ಒಳಗೆ ಹೋಗಿ, ತನ್ನ ಟ್ರಂಕಿನಿಂದ ಹಳೇ ಸೌಟೊಂದನ್ನು ತಂದು ಕೊಟ್ಟಳು. ಅಜ್ಜಿಯದು, ಹಲಸಿನ ಮರದ್ದು. ತುದಿ ಒಂದು ಬದಿಗೆ ಓರೆಯಾಗಿ ಸವೆದಿತ್ತು. ವರ್ಷಗಟ್ಟಲೆ ಒಂದೇ ಕೈ, ಒಂದೇ ಕಡೆಗೆ, ಪಾತ್ರೆಯ ತಳ ಕೆರೆದರೆ ಹಾಗೆ ಸವೆಯುತ್ತದೆ. ಕಾಲು ಭಾಗ ಮರವೇ ಇರಲಿಲ್ಲ. ಎಲ್ಲಿ ಹೋಯಿತು ಅಂತ ಯೋಚಿಸಿದೆ. ಹುಳಿ, ಸಾರಿನ ಜೊತೆ ನಾವೇ ತಿಂದಿರಬೇಕು, ಅಲ್ವಾ? ಅಮ್ಮ, ಮಾವಂದಿರು, ರಜೆಗೆ ಹೋಗುತ್ತಿದ್ದ ನಾನು. ಹೆಬ್ಬೆರಳು ಕೂರುವ ಕಡೆ ಹಿಡಿ ಕನ್ನಡಿಯ ಹಾಗೆ ನುಣುಪಾಗಿತ್ತು. ಯಾವ ಉಪ್ಪು ಕಾಗದಕ್ಕೂ ಬರುವ ನುಣುಪಲ್ಲ ಅದು. ನನ್ನ ಹೆಬ್ಬೆರಳನ್ನು ಅಲ್ಲಿಟ್ಟು ಸುಮ್ಮನೆ ನಿಂತಿದ್ದೆ.

"ಇದನ್ನ ನಿಮ್ಮಜ್ಜ ಮಚ್ಚಲ್ಲೇ ಕೆತ್ತಿದ್ದು," ಅಂದಳು ಅಮ್ಮ. "ಅದೇ ಮಚ್ಚಲ್ಲಿ ಕಾಯೀನೂ ಒಡೀತಿದ್ರು."

ಸಂಜೆ ಆಫೀಸಿನಿಂದ ಬಂದು ಮುಕ್ಕು ತೀಡಿ, ಬಾಲ್ಕನಿಯಲ್ಲಿ ಕೂತೆ. ಎರಡು ಸಲ ಹೆರೆದಿರಬಹುದು, ಅಡುಗೆಮನೆಯಿಂದ ಹೆಂಡತಿಯ ಧ್ವನಿ.

"ರೀ, ಚಾಕು ಕೈಯಲ್ಲಿದೆಯಾ?"

ಈ ಸಲ ನಾನು ಹುಷಾರು. ಚಾಕುವನ್ನು ಕುಂಡದ ಹಿಂದಕ್ಕೆ ಸರಿಸಿ, "ಇಲ್ಲ" ಅಂದೆ.

"ಹಾಗಾದ್ರೆ ಕೈ ಖಾಲಿ ಇದೆ ಅಂತಾಯ್ತು. ಸಿಲಿಂಡರ್ ಮುಗಿದಿದೆ, ಬನ್ನಿ."