ನವಿಲಿನ ಬೆನ್ನ ಹಿಂದೆ

ನವಿಲು ಗರಿ ಬಿಚ್ಚಿತೆಂದರೆ ಜನರೆಲ್ಲ ಅದರ ಎದುರಿಗೆ ಹೋಗಿ ನಿಲ್ಲುತ್ತಾರೆ. ಕ್ಯಾಲೆಂಡರಿನವರು, ಕ್ಯಾಮೆರಾದವರು, ರಂಗೋಲಿ ಇಡುವವರು, ನವಲಗುಂದದ ಜಮಖಾನೆಯಲ್ಲಿ ನವಿಲು ನೇಯುವವರು, ಯಾರೂ ಅದರ ಹಿಂದೆ ಹೋದವರಲ್ಲ. ಹೋಗಿದ್ದರೆ ಬಯಲಾಟದ ಪರದೆಯ ಹಿಂದೆ ಇಣುಕಿದಂತಾಗುತ್ತಿತ್ತು. ಮುಂದೆ ಇಂದ್ರಸಭೆ, ಹಿಂದೆ ಗಳು, ಹಗ್ಗ, ಬೆವರು.

ಮೊದಲು ಹೆಸರು ಸರಿಮಾಡಿಕೊಳ್ಳೋಣ. ಅಷ್ಟುದ್ದದ್ದು ಬಾಲವಲ್ಲ. ಹಳಬರು ಅದಕ್ಕೆ ‘ಸೋಗೆ’ ಎಂದು ಬೇರೆಯದೇ ಹೆಸರಿಟ್ಟಿದ್ದರು. ತೆಂಗು ಅಡಿಕೆಯ ಗರಿಗೂ ಅದೇ ಮಾತು. ನಾವು ಅದನ್ನು ಮರೆತು ‘ನವಿಲಿನ ಬಾಲ’ ಎನ್ನತೊಡಗಿದೆವು. ಸೋಗೆಯ 150ರಿಂದ 200 ಗರಿಗಳು ಹುಟ್ಟುವುದು ಬಾಲದ ಬುಡದ ಮೇಲೆ, ಬೆನ್ನಿನ ಕೆಳತುದಿಯಲ್ಲಿ. ನಿಜವಾದ ಬಾಲ ಅದರಡಿಯಲ್ಲಿ ಅವಿತುಕೊಂಡಿರುತ್ತದೆ. ಇಪ್ಪತ್ತು ಗರಿ, ಗಿಡ್ಡ, ಬಿರುಸು, ಮಣ್ಣಿನ ಬಣ್ಣ. ಸೋಗೆ ಮೇಲೆದ್ದಾಗ ಹಿಂದಿನಿಂದ ಆನಿಕೆ ಕೊಟ್ಟು ಹಿಡಿದು ನಿಲ್ಲುವುದು ಈ ಇಪ್ಪತ್ತೇ. ಉತ್ಸವಮೂರ್ತಿಯ ಫೋಟೊದಲ್ಲಿ ಅಡ್ಡೆ ಹೊತ್ತವರ ಮುಖ ಎಂದಾದರೂ ಬಿದ್ದದ್ದುಂಟೆ?

ಬಣ್ಣದ ಕಥೆಯೂ ಅಷ್ಟೆ. ಉದುರಿದ ಒಂದು ಗರಿಯನ್ನು ಕೈಗೆ ತೆಗೆದುಕೊಂಡು ಮಗುಚಿ ನೋಡಿ. ಕಣ್ಣಿನ ಜಾಗದಲ್ಲಿ ಮಂಕು ಕಂದು ಬಿಟ್ಟು ಹೆಚ್ಚೇನೂ ಇಲ್ಲ. ನವಿಲಿನ ಗರಿಯೊಳಗೆ ನೀಲಿ ಬಣ್ಣವೆಂಬ ವಸ್ತುವೇ ಇಲ್ಲ. ಇರುವುದು ನಮ್ಮ ಕೂದಲನ್ನು ಕಪ್ಪಾಗಿಸುವ ಮೆಲನಿನ್. ಅದರ ಅತಿ ಸಣ್ಣ ಕಡ್ಡಿಗಳು ಗರಿಯ ಎಳೆಯೊಳಗೆ ಜಾಲರಿಯಂತೆ ಸಾಲುಗಟ್ಟಿವೆ. ಕಡ್ಡಿಯಿಂದ ಕಡ್ಡಿಗೆ ಸುಮಾರು 140 ನ್ಯಾನೋಮೀಟರ್ (ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಂತರವಿದ್ದರೆ ಬೆಳಕು ನೀಲಿಯಾಗಿ ಮರಳುತ್ತದೆ, 150 ಆದರೆ ಹಸಿರಾಗಿ. ಹತ್ತು ನ್ಯಾನೋಮೀಟರಿನಲ್ಲಿ ಬಣ್ಣವೇ ಬೇರೆ! ಪುಸ್ತಕದಲ್ಲಿಟ್ಟ ಗರಿ ಮರಿ ಹಾಕದಿದ್ದರೂ ವರ್ಷಗಟ್ಟಲೆ ಮಾಸದಿರುವುದು ಇದರಿಂದಲೇ. ಬಣ್ಣ ಬಳಿದದ್ದಾದರೆ ಬಿಸಿಲಿಗೆ ಬಿಳಿಚುತ್ತಿತ್ತು, ಇದು ಕಟ್ಟಿದ ಬಣ್ಣ. ಅದನ್ನು ಹಾಳುಮಾಡುವುದು ಬಿಸಿಲಿಗಿಂತ ಹೆಚ್ಚಾಗಿ ಗರಿ ತಿನ್ನುವ ಹುಳು.

ಎಲ್ಲ ಗರಿಗೂ ಕಣ್ಣಿರುತ್ತದೆ ಎಂದು ಚಿತ್ರ ಬರೆಯುವವರು ತಿಳಿದಂತಿದೆ. ಬಿಚ್ಚಿದ ಸೋಗೆಯ ಹೊರ ಅಂಚಿನಲ್ಲಿರುವ ಉದ್ದನೆಯ ಗರಿಗಳ ತುದಿ ಮೀನಿನ ಬಾಲದಂತೆ ಕವಲೊಡೆದಿರುತ್ತದೆ, ಅಲ್ಲಿ ಕಣ್ಣಿಲ್ಲ. ಎರಡೂ ಪಕ್ಕದ ಗಿಡ್ಡ ಗರಿಗಳು ಕತ್ತಿಯಂತೆ ಬಾಗಿರುತ್ತವೆ, ಅಲ್ಲೂ ಇಲ್ಲ.

ಇನ್ನು ಕುಣಿತ. ಅದಕ್ಕೆ ಕ್ರಮವಿದೆ. ಮುಂಗಾರಿನ ಹಿಂದುಮುಂದಿನ ತಿಂಗಳುಗಳಲ್ಲಿ ಬೆಳಗ್ಗೆ ಮರದಿಂದಿಳಿದ ಗಂಡುಗಳು ಒಂದೊಂದು ಪುಟ್ಟ ಜಾಗ ಹಿಡಿದು, ಕೇಕೆ ಹಾಕಿ, ಸೋಗೆ ಎತ್ತುತ್ತವೆ. ಹೇಂಟೆ ಹತ್ತಿರ ಬಂದಾಗ ಗಂಡು ಮಾಡುವ ಮೊದಲ ಕೆಲಸವೇನು ಗೊತ್ತೆ? ಬೆನ್ನು ತಿರುಗಿಸುವುದು! ಇಟ್ಟಿಗೆ ಬಣ್ಣದ ರೆಕ್ಕೆಗಳನ್ನು ಇಳಿಬಿಟ್ಟು ನಡುಗಿಸುತ್ತ, ಹಿಂಭಾಗವನ್ನೇ ಅವಳತ್ತ ಹಿಡಿದು ನಿಲ್ಲುತ್ತದೆ. ಅವಳು ಇನ್ನೂ ಸಮೀಪಿಸಿದರೆ ಗಿರ್ರನೆ ತಿರುಗಿ ಸೋಗೆಯನ್ನು ಸೆಕೆಂಡಿಗೆ ಸುಮಾರು 25 ಸಲ ಅದುರಿಸುತ್ತದೆ. ಒಣ ಎಲೆಯ ಮೇಲೆ ತುಂತುರು ಬಿದ್ದಂಥ ಸದ್ದು. ಅಷ್ಟು ಅದುರಿದರೂ ಕಣ್ಣುಗಳು ಮಾತ್ರ ತೇಲಿದಂತೆ ನಿಂತಲ್ಲೇ ನಿಂತಿರುತ್ತವೆ, ಏಕೆಂದರೆ ಆ ಭಾಗದ ಎಳೆಗಳು ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಸಿಕ್ಕಿಕೊಂಡಿವೆ, ಸುತ್ತಲಿನವು ಬಿಡಿ. ಹೇಂಟೆಯ ತಲೆಯ ಜುಟ್ಟೂ ಹೆಚ್ಚುಕಡಿಮೆ ಅದೇ ವೇಗಕ್ಕೆ ಮಿಡಿಯುತ್ತದೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಶಿಖೆ ಬರೀ ಸಿಂಗಾರವಲ್ಲದಿರಬಹುದು.

ಇಷ್ಟೆಲ್ಲ ನಡೆದರೂ ಹೇಂಟೆ ನೆಲ ಕೆದಕುತ್ತಲೇ ಇರುತ್ತಾಳೆ. ಅವಳ ಕಣ್ಣು ಎತ್ತ ಹೊರಳುತ್ತದೆಂದು ಅಳೆದವರಿದ್ದಾರೆ: ಕುಣಿಯುವವನ ಮೇಲೆ ನೋಟ ಮೂರರಲ್ಲೊಂದು ಪಾಲು ಹೊತ್ತೂ ಇರಲಿಲ್ಲ, ಇದ್ದದ್ದೂ ಹೆಚ್ಚಾಗಿ ಸೋಗೆಯ ಕೆಳಭಾಗದ ಮೇಲೆ. ಸೋಗೆಯನ್ನು ಕಂಡು 1860ರಲ್ಲಿ ಡಾರ್ವಿನ್ನನಿಗೆ ಹೊಟ್ಟೆ ತೊಳಸಿತ್ತು. ಬದುಕಿಗೆ ತೊಡಕಾಗುವಂಥದ್ದು ಯಾಕೆ ಬೆಳೆಯಿತೆಂಬ ಚಿಂತೆ. ಹೆಣ್ಣು ಆರಿಸುತ್ತದೆ ಎಂದು ಅವನು ಆಮೇಲೆ ಉತ್ತರ ಕಂಡುಕೊಂಡ. ಆದರೆ ಆರಿಸುವವಳಿಗೆ ಅಷ್ಟೇನೂ ಆತುರವಿಲ್ಲ.

ಗಂಡಿನ ಕಣ್ಣೀರು ಕುಡಿದು ಹೇಂಟೆ ಬಸಿರಾಗುತ್ತದೆ ಎಂಬ ಮಾತನ್ನು 2017ರಲ್ಲಿ ರಾಜಸ್ಥಾನ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರೂ ಆಡಿದರು. ಉಳಿದ ಹಕ್ಕಿಗಳಂತೆಯೇ ನವಿಲೂ ಕೂಡುತ್ತದೆ, ಕೆಲವೇ ಕ್ಷಣ. ಅಲ್ಲಿಗೆ ಗಂಡಿನ ಸಂಸಾರ ಮುಗಿಯಿತು. ಹೇಂಟೆ ಪೊದೆಯಡಿ ನೆಲವನ್ನು ತುಸು ಕೆರೆದು ನಾಲ್ಕರಿಂದ ಆರು ಮೊಟ್ಟೆ ಇಟ್ಟು, ನಾಲ್ಕು ವಾರ ಒಬ್ಬಳೇ ಕಾವು ಕೂರುತ್ತಾಳೆ. ಮುಂಗುಸಿ, ಉಡ, ಊರ ನಾಯಿ ಎಲ್ಲಕ್ಕೂ ಆ ಗೂಡು ಎಟುಕುತ್ತದೆ. ಹೇಂಟೆಯ ಮೈಬಣ್ಣ ಒಣಹುಲ್ಲಿಗೆ ಹೊಂದುವುದೊಂದೇ ಕಾವಲು. ಮರಿಗಳು ಎರಡು ವಾರಕ್ಕೆಲ್ಲ ತಕ್ಕಮಟ್ಟಿಗೆ ಹಾರಿ ಕೊಂಬೆ ಸೇರುತ್ತವೆ. ಗಂಡುಮರಿಗೆ ಪೂರ್ತಿ ಸೋಗೆ ಬರಲು ಮೂರು ನಾಲ್ಕು ವರ್ಷ ಬೇಕು.

ನೋಡಬೇಕೆನ್ನುವವರಿಗೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಇದೆ, ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆ ಇದೆ. ಬಂಕಾಪುರದ್ದು ಚೆಂದದ ಏರ್ಪಾಟು: ಕೋಟೆಯೊಳಗೆ ಖಿಲಾರಿ ದನಗಳ ತಳಿಕೇಂದ್ರ, ದನಕ್ಕೆಂದು ಬೆಳೆದ ಮೇವಿನ ಹೊಲ ನವಿಲಿಗೂ ಆಸರೆ.

ಮಳೆಗಾಲ ಇಳಿಯುತ್ತಿದ್ದಂತೆ ಸೋಗೆ ಉದುರತೊಡಗುತ್ತದೆ. ಹೆಕ್ಕುವ ಕಾಲ ಇದೇ. ತಾನಾಗಿ ಉದುರಿದ ಗರಿಯ ಬುಡ ಒಣಗಿ ಶುಭ್ರವಾಗಿರುತ್ತದೆ. ಕಿತ್ತ ಗರಿಯ ಬುಡದಲ್ಲಿ ರಕ್ತದ ಕರೆಯೋ ಚರ್ಮದ ಚೂರೋ ಅಂಟಿರಬಹುದು. 1963ರಲ್ಲಿ ರಾಷ್ಟ್ರಪಕ್ಷಿಯಾದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿಯಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಸೋಗೆ ಕಳಚಿದ ಗಂಡು ನೋಡಲು ವಿಚಿತ್ರ. ಮುಂದೆ ಅದೇ ನೀಲಿ ಕೊರಳು, ಅದೇ ಠೀವಿ. ಹಿಂದೆ ಆ ಇಪ್ಪತ್ತು ಗಿಡ್ಡ ಗರಿ, ಈಗ ಮುಚ್ಚುವವರಿಲ್ಲದೆ. ಹೊಸ ಸೋಗೆ ತುಂಬುವುದು ಚಳಿಗಾಲ ಕಳೆಯುವ ಹೊತ್ತಿಗೆ. ಅಷ್ಟರಲ್ಲಿ ಶೇಂಗಾ ಕೀಳುವ ಕಾಲ ಬಂದಿರುತ್ತದೆ. ನವಿಲು ಹೊಲಕ್ಕಿಳಿದು ಬುಡ ಕೆದರಿ ಕಾಯಿ ತಿನ್ನುತ್ತದೆ, ರೈತ ತಗಡು ಬಡಿದು ಕೂಗುತ್ತ ಅಟ್ಟುತ್ತಾನೆ. ನವಿಲು ಸುಲಭಕ್ಕೆ ಹಾರುವುದಿಲ್ಲ, ಸಾಲಿನ ನಡುವೆ ಓಡುತ್ತದೆ. ನವಿಲಿನ ಹಿಂಭಾಗವನ್ನು ದಿನಾ ನೋಡುವವನು ಅವನೊಬ್ಬನೇ.