ಮಾಳಿಗೆಯ ಆಂಟೆನಾ

ದೂರದರ್ಶನವೊಂದೇ ಇದ್ದ ಕಾಲದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲಿದ್ದ ಆಂಟೆನಾ ತಿರುಗಿಸುವ ಹೊಣೆ ನನ್ನದಾಗಿತ್ತು. ನಾನು ಮೇಲಿನಿಂದ "ಬಂತಾ?" ಎಂದು ಕೂಗಿದರೆ, ಒಳಗಿನಿಂದ ಅಪ್ಪ "ಇನ್ನೂ ಸ್ವಲ್ಪ... ಅಯ್ಯೋ, ಬಂದದ್ದೂ ಹೋಯಿತಲ್ಲೋ!" ಎನ್ನುತ್ತಿದ್ದರು. ಚಿತ್ರ ಹೋದೊಡನೆ ಪರದೆಯ ತುಂಬ ಕಪ್ಪು ಬಿಳುಪು ಚುಕ್ಕೆಗಳು ಸಾಸಿವೆಯಂತೆ ಸಿಡಿಯುತ್ತ ಸುರ್ರೆಂದು ಸದ್ದು ಮಾಡುತ್ತಿದ್ದವು. ಪೆಟ್ಟಿಗೆಯ ನೆತ್ತಿಗೆ ಎರಡೇಟು ಬೀಳುತ್ತಿತ್ತು. ಆ ಚುಕ್ಕೆಗಳಲ್ಲಿ ಬಹುಪಾಲು ಸುತ್ತಲಿನ ಗದ್ದಲ ಮತ್ತು ಪೆಟ್ಟಿಗೆಯದೇ ಗೊಣಗಾಟವಾದರೂ, ನೂರಕ್ಕೆ ಒಂದರಷ್ಟು ಪಾಲು ವಿಶ್ವದ ಬಾಲ್ಯದ ಕಾವಿನ ಉಳಿಕೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಇದೇ ಸದ್ದಿನೊಡನೆ 1964ರಲ್ಲಿ ಗುದ್ದಾಡಿದವರು ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿದ್ದ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್. ಅವರ ಕಹಳೆಯಾಕಾರದ ದೈತ್ಯ ಆಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸಿದರೂ, ಹಗಲಿರುಳೆನ್ನದೆ, ಋತು ಬದಲಾದರೂ ಸದ್ದು ಕೂದಲೆಳೆಯಷ್ಟೂ ತಗ್ಗಲಿಲ್ಲ. ಒಳಗೆ ಗೂಡು ಕಟ್ಟಿದ್ದ ಜೋಡಿ ಪಾರಿವಾಳಗಳ ಮೇಲೆ ಅನುಮಾನ ಬಂದು, ಹಿಕ್ಕೆಯನ್ನೆಲ್ಲ ಕೆರೆದು ತೆಗೆದು, ಹಕ್ಕಿಗಳನ್ನು ದೂರದೂರಿಗೆ ಸಾಗಹಾಕಿದರು. ಅವು ತವರಿಗೆ ಬಂದಂತೆ ಹಾರಿ ಬಂದವು. ಕೊನೆಗೆ ಅವುಗಳನ್ನು ಗುಂಡಿಟ್ಟು ಕೊಂದರು. ಸದ್ದು ಮಾತ್ರ ಉಳಿಯಿತು. (ನೊಬೆಲ್ ಪಾರಿತೋಷಕದ ಕಥೆಯಲ್ಲಿ ನನಗೆ ಮರುಕ ಹುಟ್ಟುವುದು ಈ ಹಕ್ಕಿಗಳ ಮೇಲೆಯೇ.) ಹತ್ತಿರದ ಪ್ರಿನ್ಸ್‌ಟನ್‌ನಲ್ಲಿ ರಾಬರ್ಟ್ ಡಿಕಿಯವರ ತಂಡ ಇದೇ ಸದ್ದನ್ನು ಹುಡುಕಲೆಂದು ಉಪಕರಣ ಕಟ್ಟುತ್ತಿತ್ತು. ಹುಡುಕುತ್ತಿದ್ದವರಿಗೆ ಸಿಗದೆ, ಬೇಡವೆಂದು ಗುಡಿಸುತ್ತಿದ್ದವರಿಗೆ ಅದು ಸಿಕ್ಕಿತು. 1978ರಲ್ಲಿ ನೊಬೆಲ್ ಕೂಡ ಅವರಿಗೇ ಬಂತು.

ಸುಮಾರು 1,380 ಕೋಟಿ ವರ್ಷಗಳ ಹಿಂದೆ ಹಿಗ್ಗತೊಡಗಿದ ವಿಶ್ವದಲ್ಲಿ, ಮೊದಲ 3,80,000 ವರ್ಷ ಬಿಡಿ ಎಲೆಕ್ಟ್ರಾನುಗಳು ಜಾತ್ರೆಯ ಜನರಂತೆ ಕಿಕ್ಕಿರಿದಿದ್ದುದರಿಂದ ಬೆಳಕು ಹೆಜ್ಜೆಹೆಜ್ಜೆಗೂ ಡಿಕ್ಕಿ ಹೊಡೆಯುತ್ತಿತ್ತು. ಕಾವು ಸುಮಾರು 3,000 ಡಿಗ್ರಿಗೆ ಇಳಿದಾಗ ಎಲೆಕ್ಟ್ರಾನುಗಳು ಪರಮಾಣುಗಳೊಳಗೆ ಸೇರಿಕೊಂಡವು, ಬೆಳಕಿಗೆ ದಾರಿ ಬಿಟ್ಟಿತು. ಅಂದು ಹೊರಟ ಆ ಬೆಳಕು, ವಿಶ್ವದ ಜೊತೆಗೆ ತಾನೂ ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗಿ, ಇಂದು ಸೊನ್ನೆಗಿಂತ 270 ಡಿಗ್ರಿ ಕೆಳಗಿನ ಚಳಿಯಲ್ಲಿ ಸೂಕ್ಷ್ಮತರಂಗವಾಗಿ, ಆಂಟೆನಾಗಳಿಗೆ ಆ ಸದ್ದಾಗಿ ಸಿಗುತ್ತ, ಅಲೆಯುತ್ತಿದೆ. ಬೆರಳ ತುದಿಯಷ್ಟು ಜಾಗದಲ್ಲೂ, ಯಾವ ಗಳಿಗೆಯಲ್ಲಿ ಎಣಿಸಿದರೂ, ಅದರ ನಾಲ್ಕು ನೂರರಷ್ಟು ಕಣಗಳಿರುತ್ತವೆ.

ಈಗಿನ ಟಿವಿ ಸಂಕೇತ ಸಿಗದಿದ್ದರೆ ನೀಲಿ ಪರದೆ ಎಳೆದುಕೊಂಡು ಸುಮ್ಮನಾಗುತ್ತದೆ. ಅಪ್ಪನ ಹಳೆಯ ಪೆಟ್ಟಿಗೆ ಗುಜರಿಗೆ ಹೋಗಿದೆ. ಆಂಟೆನಾದ ಕಂಬ ಮಾತ್ರ ಬಟ್ಟೆ ಒಣಗಿಸುವ ಹಗ್ಗ ಕಟ್ಟಿಸಿಕೊಂಡು ಮಾಳಿಗೆಯ ಮೇಲೆ ನಿಂತೇ ಇದೆ.